ಏಳನೇ ತರಗತಿಯ ವಾರದ ಪಟ್ಟಿಯಲ್ಲಿ ಚಟುವಟಿಕೆಗಳು ತುಂಬಿವೆ. ಮಗು ಕಲಿತದ್ದೇನು ಎಂದು ಮನೆಯಲ್ಲಿ ತಿಳಿಯುವುದು ಹೇಗೆ?

ಪ್ರಶ್ನೆ: ಬನಶಂಕರಿಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ರಾಜ್ಯ ಪಠ್ಯಕ್ರಮದ ಶಾಲೆಯೊಂದರಲ್ಲಿ ಏಳನೇ ತರಗತಿ ಓದುತ್ತಿದ್ದಾಳೆ. ಈ ವರ್ಷದಿಂದ ಅವರ ತರಗತಿ ಶಿಕ್ಷಕಿಯವರು ಪ್ರತಿ ಶುಕ್ರವಾರ ಸಂಜೆ, ಆ ವಾರ ಯಾವ ವಿಷಯದಲ್ಲಿ ಏನು ನಡೆಯಿತು ಎಂಬ ಪಟ್ಟಿಯನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುತ್ತಿದ್ದಾರೆ. ಕಳೆದ ವಾರ ವಿಜ್ಞಾನದಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲ, ಅರಿಶಿನದ ಕಾಗದದ ಚಟುವಟಿಕೆ. ಗಣಿತದಲ್ಲಿ ಸರಾಸರಿ ಮತ್ತು ಮಧ್ಯಾಂಕ. ಸಮಾಜ ವಿಜ್ಞಾನದಲ್ಲಿ ಶಿಲೆಗಳ ಚಾರ್ಟ್. ಕನ್ನಡದಲ್ಲಿ ಪದ್ಯದ ಕಂಠಪಾಠ ಎಂದಿತ್ತು. ಶಿಕ್ಷಕಿಯವರ ಶ್ರಮದ ಬಗ್ಗೆ ನನಗೆ ಗೌರವವಿದೆ.

ಆದರೆ ಅರಿಶಿನದ ಕಾಗದದಲ್ಲಿ ಏನು ನೋಡಿದೆ ಎಂದು ಮಗಳನ್ನು ಕೇಳಿದರೆ "ಸೋಪಿನ ನೀರು ಹಾಕಿದಾಗ ಕೆಂಪಾಯಿತಮ್ಮ" ಎಂದಷ್ಟೇ ಹೇಳಿದಳು. ಉಪ್ಪಿನ ನೀರು ಹಾಕಿದಾಗ ಏನಾಯಿತು ಎಂದರೆ, "ಹಳದಿಯಾಗಿಯೇ ಇತ್ತು, ಅಂದರೆ ಅದು ಆಮ್ಲ" ಎಂದಳು. ಅದು ತಪ್ಪು ಎಂದು ನನಗೆ ಗೊತ್ತಾಯಿತು, ಆದರೆ ಏಕೆ ತಪ್ಪು ಎಂದು ವಿವರಿಸಲಾಗಲಿಲ್ಲ. ಚಾರ್ಟಿನ ಮಾತಂತೂ ಬೇರೆಯೇ. ಅಂಗಡಿಯಲ್ಲಿ ಚಿತ್ರ ಪ್ರಿಂಟ್ ಹಾಕಿಸಿ ಅಂಟಿಸುವುದರಲ್ಲಿ ಮುಗಿಯಿತು. ಶನಿವಾರ, ಭಾನುವಾರಗಳನ್ನು ಇನ್ನೊಂದು ಟ್ಯೂಷನ್ ಮಾಡದೆ, ಈ ಪಟ್ಟಿಯನ್ನು ಮನೆಯಲ್ಲಿ ಹೇಗೆ ಬಳಸಿಕೊಳ್ಳಬಹುದು? ಶಿಕ್ಷಕಿಯವರಲ್ಲಿ ಏನನ್ನಾದರೂ ಕೋರಬಹುದಾದರೆ ಅದು ಯಾವುದು?

ಉತ್ತರ: ನಿವೃತ್ತ ವಿಜ್ಞಾನ ಶಿಕ್ಷಕ, ಜಯನಗರ

ಅಮ್ಮಾ, ನಿಮ್ಮ ಮಗಳು ಹೇಳಿದ ಆ ತಪ್ಪು ಉತ್ತರವೇ ಈ ಪಾಠದ ಅತ್ಯಂತ ಬೆಲೆಯುಳ್ಳ ಭಾಗ. ತರಗತಿಯಲ್ಲಿ ಹಲವು ಮಕ್ಕಳು ಇದೇ ಮಾತನ್ನು ಹೇಳುತ್ತಾರೆ. ಅವರ ತರ್ಕದಲ್ಲಿ ದೋಷವಿಲ್ಲ, ಕೈಯಲ್ಲಿರುವ ಸೂಚಕಕ್ಕೆ, ಅಂದರೆ ಬಣ್ಣ ಬದಲಿಸಿ ಆಮ್ಲ ಅಥವಾ ಪ್ರತ್ಯಾಮ್ಲವನ್ನು ತೋರಿಸುವ ವಸ್ತುವಿಗೆ, ಒಂದು ಮಿತಿಯಿದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಅರಿಶಿನವು ಪ್ರತ್ಯಾಮ್ಲದಲ್ಲಿ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ; ಆಮ್ಲದಲ್ಲಿಯೂ, ಆಮ್ಲವೂ ಪ್ರತ್ಯಾಮ್ಲವೂ ಅಲ್ಲದ ತಟಸ್ಥ ದ್ರಾವಣದಲ್ಲಿಯೂ ಹಳದಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಕಾಗದ ಹಳದಿಯಾಗಿಯೇ ಉಳಿದರೆ "ಇದು ಪ್ರತ್ಯಾಮ್ಲವಲ್ಲ" ಎಂದು ಹೇಳಬಹುದೇ ಹೊರತು "ಇದು ಆಮ್ಲ" ಎಂದು ಹೇಳಲಾಗದು. ಅದನ್ನು ತಿಳಿಯಲು ಇನ್ನೊಂದು ಸೂಚಕ ಬೇಕು. ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿಟ್ಟು ಸೋಸಿದರೆ ಬರುವ ನೀರು ಆಮ್ಲದಲ್ಲಿ ಗಾಢ ಗುಲಾಬಿಯಾಗುತ್ತದೆ, ಪ್ರತ್ಯಾಮ್ಲದಲ್ಲಿ ಹಸಿರಾಗುತ್ತದೆ, ಉಪ್ಪಿನ ನೀರಿಗೆ ಮಾತ್ರ ಈ ಎರಡೂ ಬಣ್ಣ ಬರುವುದಿಲ್ಲ.

ಮನೆಯಲ್ಲಿ ಹೀಗೆ ಮಾಡಿ ನೋಡಿ. ಆರತಿಗೆ ಅರಿಶಿನ ಮತ್ತು ಸುಣ್ಣ ಕಲಸಿ ಕೆಂಪು ಓಕುಳಿ ಮಾಡುತ್ತೇವಲ್ಲ, ಅದನ್ನೇ ಒಂದು ಬಟ್ಟಲಿನಲ್ಲಿ ಮಾಡಿ ಮಗಳ ಮುಂದಿಡಿ. ಅದಕ್ಕೆ ನಿಂಬೆರಸ ಹಿಂಡುವ ಮೊದಲು "ಏನಾಗಬಹುದು, ಏಕೆ?" ಎಂದು ಕೇಳಿ, ಅವಳ ಉತ್ತರವನ್ನು ಅವಳಿಂದಲೇ ಬರೆಯಿಸಿ. ಆಮೇಲೆ ಹನಿ ಹನಿಯಾಗಿ ಹಿಂಡಲಿ. ರಸ ಬಿದ್ದ ಜಾಗದಲ್ಲಿ ಕೆಂಪು ಸರಿದು ಹಳದಿ ಕಾಣಿಸಿಕೊಳ್ಳುತ್ತದೆ, ಕಲಕಿದರೆ ಪುನಃ ಕೆಂಪಾಗುತ್ತದೆ, ರಸ ಸಾಕಷ್ಟಾದ ಮೇಲೆ ಇಡೀ ಬಟ್ಟಲು ಹಳದಿಯಾಗಿ ನಿಲ್ಲುತ್ತದೆ. ಆಮ್ಲ ಮತ್ತು ಪ್ರತ್ಯಾಮ್ಲ ಸೇರಿ ಒಂದರ ಗುಣವನ್ನು ಇನ್ನೊಂದು ಕಳೆಯುವುದಕ್ಕೆ ಇರುವ ತಟಸ್ಥೀಕರಣ ಎಂಬ ಪದವನ್ನು ಆಗ ಹೇಳಿದರೆ ಅದು ಅವಳಿಗೆ ಹತ್ತುತ್ತದೆ. ಮೊದಲೇ ಹೇಳಿದರೆ ಬಾಯಿಪಾಠದ ಸಾಲಿಗೆ ಸೇರುತ್ತದೆ.

ನಾನು ಬಹುಕಾಲದಿಂದ ನಂಬಿರುವುದು ಇಷ್ಟು: ಚಟುವಟಿಕೆಗೆ ಮೊದಲು ಮಗು ಒಂದು ಊಹೆಗೆ ಬದ್ಧವಾಗದಿದ್ದರೆ, ಚಟುವಟಿಕೆ ಮುಗಿದ ಮೇಲೆ ಅದರ ನೆನಪಿನಲ್ಲಿ ಬಣ್ಣ ಮಾತ್ರ ಉಳಿಯುತ್ತದೆ. ಹಾಗಾಗಿ ಶಿಕ್ಷಕಿಯವರಲ್ಲಿ ನೀವು ಕೋರಬೇಕಾದದ್ದು ಇನ್ನಷ್ಟು ಚಟುವಟಿಕೆಗಳನ್ನಲ್ಲ. ವಾರದ ಪಟ್ಟಿಯಲ್ಲಿ "ಅರಿಶಿನದ ಕಾಗದದ ಚಟುವಟಿಕೆ" ಎಂಬುದರ ಮುಂದೆ, ಯಾವ ಪ್ರಶ್ನೆಗೆ ಉತ್ತರ ಹುಡುಕಲು ಅದನ್ನು ಮಾಡಲಾಯಿತು ಎಂಬ ಒಂದು ಸಾಲನ್ನು ಸೇರಿಸುವಂತೆ ವಿನಂತಿಸಿ. ಆ ಸಾಲು ಇದ್ದರೆ ಮನೆಯಲ್ಲಿ ಮಾತಿಗೆ ಎಳೆ ಸಿಗುತ್ತದೆ.

ಉತ್ತರ: ಗಣಿತ ಶಿಕ್ಷಕಿ, ಯಲಹಂಕ

ಮೇಷ್ಟ್ರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಆದರೆ ತರಗತಿಯೊಳಗಿನ ಸಮಯದ ಲೆಕ್ಕವನ್ನೂ ಪೋಷಕರು ತಿಳಿದಿರಬೇಕು ಎಂಬುದು ನನ್ನ ಕೋರಿಕೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಆರರಿಂದ ಎಂಟನೇ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 220 ಕೆಲಸದ ದಿನಗಳನ್ನೂ 1000 ಬೋಧನಾ ಗಂಟೆಗಳನ್ನೂ ನಿಗದಿಪಡಿಸಿದೆ. ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವಿನ) ಮತ್ತು ಎರಡು ಸಂಕಲನಾತ್ಮಕ (ಅವಧಿಯ ಕೊನೆಯ) ಮೌಲ್ಯಮಾಪನಗಳು, ಪ್ರತಿಭಾ ಕಾರಂಜಿ, ಕ್ರೀಡಾಕೂಟ ಎಲ್ಲವೂ ಇದೇ ವರ್ಷದೊಳಗೆ ನಡೆಯಬೇಕು. ಹೀಗಿರುವಾಗ ಒಂದು ಅವಧಿಯಲ್ಲಿ ಸಾಮಗ್ರಿ ಹಂಚಿ, ಚಟುವಟಿಕೆ ಮಾಡಿಸಿ, ಮೇಜು ಒರೆಸಿಸುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಚರ್ಚೆ ಮರುದಿನಕ್ಕೆ ಹೋಗುತ್ತದೆ, ಮರುದಿನ ಮುಂದಿನ ಪಾಠ ಕಾದಿರುತ್ತದೆ. ಆ ಚರ್ಚೆಯ ಸ್ವಲ್ಪ ಭಾಗವಾದರೂ ಮನೆಯಲ್ಲಿ ನಡೆದರೆ ನಮಗೆ ದೊಡ್ಡ ಉಪಕಾರ.

ಗಣಿತದ ವಿಷಯಕ್ಕೆ ಬಂದರೆ, ಸರಾಸರಿಯ ಸೂತ್ರವನ್ನು ಮಗು ಒಪ್ಪಿಸುತ್ತದೆಯೇ ಎಂದು ದಯವಿಟ್ಟು ಪರೀಕ್ಷಿಸಬೇಡಿ. ಐದು ಮಕ್ಕಳು ಶಾಲೆಗೆ ಬರಲು ತೆಗೆದುಕೊಳ್ಳುವ ಸಮಯ 8, 10, 10, 12 ಮತ್ತು 60 ನಿಮಿಷ ಎಂದಿಟ್ಟುಕೊಳ್ಳಿ. ಆ ಕೊನೆಯ ಮಗು ಎರಡು ಬಿಎಂಟಿಸಿ ಬಸ್ಸು ಬದಲಿಸಿ ಬರುತ್ತದೆ. ಸರಾಸರಿ 20 ನಿಮಿಷ; ಮಧ್ಯಾಂಕ, ಅಂದರೆ ಏರಿಕೆ ಕ್ರಮದಲ್ಲಿ ಬರೆದಾಗ ನಟ್ಟನಡುವೆ ಬರುವ ಸಂಖ್ಯೆ, 10 ನಿಮಿಷ. "ಇವರಲ್ಲಿ 20 ನಿಮಿಷದ ಹತ್ತಿರ ಯಾರಿದ್ದಾರೆ?" ಎಂದು ಕೇಳಿ ನೋಡಿ. ಯಾರೂ ಇಲ್ಲ ಎಂದು ಕಂಡುಕೊಂಡ ಮಗು, ಎರಡು ಅಳತೆಗಳು ಏಕೆ ಬೇಕಾದವು ಎಂಬುದನ್ನು ತಾನೇ ಹೇಳಲು ತೊಡಗುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಅಥವಾ ಬೀದಿಯ ಮಕ್ಕಳ ಸಮಯವನ್ನು ಅವಳೇ ಕೇಳಿ ಬರೆದುಕೊಂಡು ಬಂದರೆ ಇನ್ನೂ ಒಳ್ಳೆಯದು.

ಉತ್ತರ: ಇಬ್ಬರು ಮಕ್ಕಳ ತಂದೆ, ಬಸವನಗುಡಿ

ಚಾರ್ಟಿನ ಬಗ್ಗೆ ಮಾತ್ರ ಒಂದು ಸಲಹೆ. ಶಿಲೆಗಳ ಪಾಠವಾದರೆ ಪ್ರಿಂಟ್ ಹಾಕಿಸುವ ಬದಲು ಮಗಳನ್ನು ಲಾಲ್‌ಬಾಗಿನ ಬಂಡೆಯ ಮೇಲೆ ಕರೆದುಕೊಂಡು ಹೋಗಿ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದಾದ ನೈಸ್ ಎಂಬ ರೂಪಾಂತರ ಶಿಲೆ. ಭಾರತೀಯ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬಂಡೆಯಲ್ಲಿ ಬಿಳಿ ಮತ್ತು ಕಪ್ಪು ಪಟ್ಟೆಗಳು ಅಲೆಯಂತೆ ಬಾಗಿರುವುದನ್ನು ಕೂತು ನೋಡಬಹುದು. ಅದನ್ನು ಪೆನ್ಸಿಲಿನಲ್ಲಿ ಬಿಡಿಸಿ, "ಈ ಪಟ್ಟೆಗಳು ನೆಟ್ಟಗಿಲ್ಲ ಏಕೆ?" ಎಂದು ಕೆಳಗೆ ಬರೆದರೆ ಅದಕ್ಕಿಂತ ಒಳ್ಳೆಯ ಚಾರ್ಟ್ ಬೇಕಿಲ್ಲ. ವಾರಾಂತ್ಯದ ಹೊರೆಯ ಬಗ್ಗೆ ಹೇಳುವುದಾದರೆ, 2020ರ ಶಾಲಾ ಬ್ಯಾಗ್ ನೀತಿಯು ಈ ತರಗತಿಗಳಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ ಹೋಂವರ್ಕ್ ಎನ್ನುತ್ತದೆ. ನೀವು ಮಾಡಿಸುವುದು ಆ ಮಿತಿಯನ್ನು ದಾಟದಿರಲಿ. ಪಟ್ಟಿಯಿಂದ ವಾರಕ್ಕೆ ಒಂದೇ ವಿಷಯ ಸಾಕು, ಅದನ್ನೂ ಮಗಳೇ ಆರಿಸಿಕೊಳ್ಳಲಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಭಾನುವಾರ ಓಕುಳಿ ಮಾಡಿ ನೋಡಿದೆವು. "ನಿಂಬೆರಸ ಹಾಕಿದರೆ ಇನ್ನೂ ಕೆಂಪಾಗುತ್ತದೆ" ಎಂದು ಬರೆದಿದ್ದವಳು, ಹಳದಿಯಾದದ್ದನ್ನು ಕಂಡು ತಾನಾಗಿಯೇ ಪುನಃ ಸುಣ್ಣದ ನೀರು ಹಾಕಿ ಕೆಂಪು ಮಾಡಿದಳು. ಬಳಿಕ ದಾಸವಾಳದ ನೀರಿನಲ್ಲಿ ಹುಣಸೆ ರಸ, ಅಡುಗೆ ಸೋಡಾ, ಉಪ್ಪಿನ ನೀರುಗಳನ್ನು ಪರೀಕ್ಷಿಸಿ, "ಉಪ್ಪು ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ" ಎಂದು ಹಳೆಯ ಉತ್ತರವನ್ನು ಹೊಡೆದುಹಾಕಿ ಬರೆದಳು. ಪಟ್ಟಿಗೆ ಒಂದು ಪ್ರಶ್ನೆಯ ಸಾಲನ್ನು ಸೇರಿಸುವಂತೆ ಶಿಕ್ಷಕಿಯವರಿಗೆ ಸಂದೇಶ ಕಳಿಸಿದ್ದೇನೆ. ವಿಜ್ಞಾನ ಮತ್ತು ಗಣಿತಕ್ಕೆ ಮೊದಲು ಆರಂಭಿಸುವುದಾಗಿ ತಿಳಿಸಿದ್ದಾರೆ. ಈಗ ಅವಳದೊಂದು ಪ್ರಶ್ನೆಯಿದೆ: ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಹಬ್ಬಿರುವ ನೀಲಿ ಶಂಖಪುಷ್ಪವೂ ಸೂಚಕವಾಗುತ್ತದೆಯೇ?

ನಿವೃತ್ತ ವಿಜ್ಞಾನ ಶಿಕ್ಷಕ

ಆಗುತ್ತದೆ, ಮತ್ತು ಬಹಳ ಚೆನ್ನಾಗಿ. ಆದರೆ ಯಾವುದರಲ್ಲಿ ಯಾವ ಬಣ್ಣ ಬರುತ್ತದೆ ಎಂಬುದನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳು ಮೊದಲು ಊಹಿಸಿ ಬರೆದಿಟ್ಟು ಆಮೇಲೆ ನೋಡಲಿ. ಸುಣ್ಣದ ತಿಳಿನೀರನ್ನು ಬಳಸುವಾಗ ಮಾತ್ರ ನೀವು ಜೊತೆಗಿರಿ, ಅದು ಕಣ್ಣಿಗೆ ಸಿಡಿಯಬಾರದು.