ಎಚ್‌ಎಂಎಸ್ ಕ್ಯಾಪ್ಟನ್ ಮಾದರಿ: 45 ಡಿಗ್ರಿ ವಾಲಿಸಿದರೂ ಮಗುಚುತ್ತಿಲ್ಲ

ಪೊನ್ನಂಪೇಟೆ ಮೇಷ್ಟ್ರು
ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳು 1870ರಲ್ಲಿ ಮುಳುಗಿದ, ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಎಂಬ ಕಬ್ಬಿಣದ ಕವಚದ ನೌಕೆಯ 1:100 ಮಾದರಿ ಮಾಡಿದ್ದಾರೆ. ಪ್ಲೈವುಡ್ ಒಡಲು, ಉದ್ದ 97.5 ಸೆಂ.ಮೀ., ಅಗಲ 16.2. ಖಾಲಿ ಇರುವ ಕಾಫಿ ಪಲ್ಪಿಂಗ್ ತೊಟ್ಟಿಗೆ ನೀರು ಬಿಟ್ಟು ತೇಲಿಸಿದರೆ, ಕೈಯಿಂದ 45 ಡಿಗ್ರಿ ವಾಲಿಸಿ ಬಿಟ್ಟರೂ ಎದ್ದು ನಿಲ್ಲುತ್ತದೆ. ತಪ್ಪು ಎಲ್ಲಿದೆ?

ಹಾಯಿಕಂಬ
ತೂಗಿದಿರಾ ಸರ್? ಅಸಲಿ ಹಡಗು ಸುಮಾರು 7,900 ಟನ್. ಈ ಅಳತೆಯಲ್ಲಿ ಉದ್ದ, ಅಗಲ, ಎತ್ತರ ಮೂರೂ ನೂರರಲ್ಲೊಂದು ಆಗುವುದರಿಂದ ತೂಕ ಹತ್ತು ಲಕ್ಷದಲ್ಲಿ ಒಂದು ಪಾಲು, ಅಂದರೆ 7.9 ಕೆ.ಜಿ. ಆಗ ಡೆಕ್ಕಿನ ಅಂಚು ನೀರಿನಿಂದ ಬರೀ 2 ಸೆಂ.ಮೀ. ಮೇಲಿರುತ್ತದೆ. ಅಸಲಿ ಹಡಗಿನ ನಕ್ಷೆಯಲ್ಲಿ ಈ ಎತ್ತರ 8 ಅಡಿಗೂ ಹೆಚ್ಚಿತ್ತು. ಕಟ್ಟುವಾಗ ತೂಕ ಏರಿ ಆರೂವರೆ ಅಡಿಗೆ ಇಳಿಯಿತು. ಮೇಲೆ ಪೂರ್ತಿ ಹಾಯಿ ಬೇರೆ. ಫಿರಂಗಿ ಗೋಪುರಗಳ ಬುಡಕ್ಕೆ ಎಂ-ಸೀಲ್ ಹಚ್ಚಿ, ನೀರು ಒಳಗೆ ಹೊಕ್ಕರೆ ಪ್ರಯೋಗವೇ ಕೆಡುತ್ತದೆ.

ಕುಶಾಲನಗರ
ತೂಕದ ಮಾತು ಸರಿ. ಆದರೆ 45ರಲ್ಲಿ ಏಳುವುದು ತಪ್ಪಲ್ಲ! ಲೆಕ್ಕದ ಪ್ರಕಾರ ಕ್ಯಾಪ್ಟನ್ ಕೂಡ 54 ಡಿಗ್ರಿವರೆಗೆ ಏಳಬಲ್ಲದಾಗಿತ್ತು. ಆದರೆ 14 ಡಿಗ್ರಿಗೇ ಡೆಕ್ಕಿನ ಅಂಚು ನೀರು ಮುಟ್ಟುತ್ತದೆ, ನೆಟ್ಟಗಾಗುವ ಬಲ 21ರಲ್ಲೇ ತುತ್ತತುದಿಗೆ ಹೋಗಿ ಆಮೇಲೆ ಕುಗ್ಗುತ್ತದೆ. ಅದೇ ಕಾಲದ, ಎತ್ತರದ ಡೆಕ್ಕಿನ ಇನ್ನೊಂದು ಬ್ರಿಟಿಷ್ ಯುದ್ಧನೌಕೆ ಮೊನಾರ್ಕ್‌ಗೆ ಆ ತುದಿ 40ರಲ್ಲಿತ್ತು. ಕೈ ಬಿಟ್ಟರೆ ವಾಲಿಸುವ ಬಲವೂ ಹೋಯಿತು; ಗಾಳಿ ಹಾಗೆ ಬಿಡುವುದಿಲ್ಲ.

ಹಾಯಿಕಂಬದ ನಡುವಿಗೆ ದಾರ ಕಟ್ಟಿ, ಅಡ್ಡಲಾಗಿ ಎಳೆದು ರಾಟೆಯ ಮೇಲೆ ಹಾಯಿಸಿ, ಹತ್ತು ಹತ್ತು ಗ್ರಾಂ ತೂಗುಹಾಕಿ. ಮಾದರಿ ಪಕ್ಕಕ್ಕೆ ಜಾರದಂತೆ ನೀರಿನ ಮಟ್ಟಕ್ಕಿಂತ 4 ಸೆಂ.ಮೀ. ಕೆಳಗೆ, ಹಿಂದೆ ಮುಂದೆ ಎರಡು ದಾರದಿಂದ ಎದುರು ಬದಿಗೆ ಬಿಗಿಯಿರಿ. ಇಪ್ಪತ್ತರ ಆಸುಪಾಸಿನವರೆಗೆ ಮೆಲ್ಲಗೆ ವಾಲುತ್ತದೆ, ಇನ್ನೊಂದು ತೂಕ ಬಿದ್ದರೆ ನಿಲ್ಲದೆ ಮಗುಚುತ್ತದೆ. ಸ್ಪೇನ್‌ನ ಫಿನಿಸ್ಟೆರ್ ಭೂಶಿರದಾಚೆ ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಮೇಲೆ ಆದದ್ದೂ ಇದೇ: ಎಷ್ಟು ಡಿಗ್ರಿ ವಾಲಿದೆ ಎಂದು 18, 23, 28 ಅಂತ ಕೂಗಿ ಹೇಳುತ್ತಿದ್ದಂತೆ ಹಡಗು ಬೋರಲಾಯಿತು. ಸುಮಾರು 480 ಜನ ಹೋದರು, ವಿನ್ಯಾಸ ಮಾಡಿದ ಕೋಲ್ಸ್ ಕೂಡ. ಉಳಿದವರು 18. ವಾಲಿಸಿ ನೋಡುವ ಪರೀಕ್ಷೆ ಜುಲೈನಲ್ಲೇ ಪೋರ್ಟ್ಸ್‌ಮತ್‌ನಲ್ಲಿ ಆಗಿತ್ತು. ಲೆಕ್ಕ ಮುಗಿಯುವಷ್ಟರಲ್ಲಿ ಹಡಗು ಕಡಲಲ್ಲಿತ್ತು. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ.

ಪೊನ್ನಂಪೇಟೆ ಮೇಷ್ಟ್ರು
ತೂಗಿದೆ, 4.6 ಕೆ.ಜಿ. ಉಳಿದ 3.3ಕ್ಕೆ ಕಬ್ಬಿಣದ ಸರಳು ತಳಕ್ಕೆ ಹಾಕಬಹುದಾ?

ಹಾಯಿಕಂಬ
ಕಬ್ಬಿಣ ಆಗುತ್ತದೆ, ಎಲ್ಲವೂ ತಳಕ್ಕೆ ಬೇಡ. 54 ದಾಟಿದರೂ ಎದ್ದುಬಿಡುತ್ತದೆ. ಅಸಲಿಯಲ್ಲಿ ಭಾರ ಪಕ್ಕದ ಕವಚದಲ್ಲೂ ಎರಡು ಗೋಪುರಗಳಲ್ಲೂ ಇತ್ತು. 25 ಟನ್ನಿನ ನಾಲ್ಕು ಫಿರಂಗಿಗಳಿಗೇ ನಿಮ್ಮ ಅಳತೆಯಲ್ಲಿ 100 ಗ್ರಾಂ. ಮೊದಲು ಅದನ್ನು ಮೇಲಿಡಿ, ಆಮೇಲೆ ಪಕ್ಕದ ಗೋಡೆಗೆ ಪಟ್ಟಿ, ಮಿಕ್ಕದ್ದು ತಳಕ್ಕೆ. 50ರಲ್ಲಿ ಏಳಬೇಕು, 60ರಲ್ಲಿ ಏಳಬಾರದು. ಅಲ್ಲಿಯವರೆಗೆ ಸರಳನ್ನು ಮೇಲೆ ಕೆಳಗೆ ಸರಿಸುತ್ತಿರಿ.