ಶನಿವಾರದ ಪ್ರಶ್ನೋತ್ತರ: ನೋಡ್ 2ರ ಮೆಮೊರಿ ಹತ್ತಿರವೋ ದೂರವೋ?

ರಾತ್ರಿಪಾಳಿ: ಮೇಡಂ, ಎರಡು ಸಾಕೆಟ್‌ನ (ಎರಡು ಸಿಪಿಯು ಚಿಪ್ ಕೂರೋ) ಸರ್ವರ್‌ಗೆ ಸಿಎಕ್ಸ್‌ಎಲ್ ಮೆಮೊರಿ ಕಾರ್ಡ್ (ಹೆಚ್ಚುವರಿ ಮೆಮೊರಿ ಕೊಡೋದು) ಹಾಕಿದ್ವಿ. ಲಿನಕ್ಸ್‌ನಲ್ಲಿ ಅದು ನೋಡ್ 2 ಅಂತ ಬಂತು. ನೋಡ್ ಅಂದ್ರೆ ಒಂದು ಕಡೆ ಇರೋ ಸಿಪಿಯು, ಮೆಮೊರಿಗಳ ಗುಂಪು; 0 ಮತ್ತು 1 ನಮ್ಮ ಎರಡು ಸಾಕೆಟ್. ನೋಡ್‌ಗಳ ನಡುವಿನ ದೂರ ಹೇಳೋ ಡಿಸ್ಟೆನ್ಸ್ ಫೈಲ್ ಪ್ರಕಾರ ನೋಡ್ 1ರಿಂದ ನೋಡ್ 0ಕ್ಕೂ 20, ನೋಡ್ 2ಕ್ಕೂ 20. ಡೇಟಾಬೇಸ್ ನೋಡ್ 1ರ ಸಿಪಿಯುಗಳ ಮೇಲೆ, ಮೆಮೊರಿ ನೋಡ್ 2ರಿಂದ. ತೆವಳ್ತಿದೆ.

ಕರ್ನಲ್ ಮೇಡಂ: ಆ 20 ನಂಬಿ ಕೆಟ್ರಿ. ಅದು ಫರ್ಮ್‌ವೇರ್ (ಬೋರ್ಡ್‌ನಲ್ಲೇ ಇರೋ ಸಾಫ್ಟ್‌ವೇರ್) ಬರೆದುಕೊಟ್ಟ ಸ್ಲಿಟ್ ಅನ್ನೋ ದೂರದ ಕೋಷ್ಟಕದ ಅಂಕಿ. ಸ್ವಂತ ನೋಡ್ 10 ಅಂದ್ಕೊಂಡ್ರೆ ಬೇರೆಯದು ಎಷ್ಟು ಅನ್ನೋ ಹೋಲಿಕೆ ಅಷ್ಟೇ, ನ್ಯಾನೋಸೆಕೆಂಡ್ ಅಲ್ಲ. ಈ ಕೊರತೆಗೇ ಎಸಿಪಿಐ (ಫರ್ಮ್‌ವೇರ್ ಹಾರ್ಡ್‌ವೇರ್ ವಿವರ ಓಎಸ್‌ಗೆ ಕೊಡೋ ಮಾನದಂಡ) 6.2ರಲ್ಲಿ ಎಚ್‌ಮ್ಯಾಟ್, ಅಂದ್ರೆ ಮೆಮೊರಿ ವೇಗದ ಕೋಷ್ಟಕ, ಬಂದಿದ್ದು. 2019ರ ಲಿನಕ್ಸ್ 5.2ರಿಂದ ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನ ಸಿಸ್‌ಎಫ್‌ಎಸ್‌ನಲ್ಲಿ, ಅಂದ್ರೆ ಹಾರ್ಡ್‌ವೇರ್ ವಿವರ ಫೈಲ್‌ಗಳಾಗಿ ಕಾಣೋ ಜಾಗದಲ್ಲಿ, ತೋರಿಸುತ್ತೆ. ನೋಡ್2 ಫೋಲ್ಡರ್, ಅದರಲ್ಲಿ ಆಕ್ಸೆಸ್0, ಅದರಲ್ಲಿ ಇನಿಶಿಯೇಟರ್ಸ್ (ಮೆಮೊರಿ ಕೇಳೋ ನೋಡ್‌ಗಳು). ಏನಿದೆ ಹಾಕಿ.

ರಾತ್ರಿಪಾಳಿ: ನೋಡ್0 ಅಂತ ಒಂದು ಲಿಂಕ್. ರೀಡ್ ಲೇಟೆನ್ಸಿ (ಓದೋಕೆ ಆಗೋ ತಡ) 240. ನೋಡ್1 ಕಾಣ್ತಿಲ್ಲ.

ಕರ್ನಲ್ ಮೇಡಂ: ಸಿಕ್ತಲ್ಲ! ಆ ಮೆಮೊರಿಯನ್ನ ಎಲ್ಲರಿಗಿಂತ ಚೆನ್ನಾಗಿ ತಲುಪೋರು ಮಾತ್ರ ಆಕ್ಸೆಸ್0ದಲ್ಲಿ ಇರ್ತಾರೆ. ಕಾರ್ಡ್ ಕೂತಿರೋದು ಸಾಕೆಟ್ 0ರ ಕಡೆ. ನೋಡ್ 1ರ ಸಿಪಿಯು ಮೊದಲು ಪಕ್ಕದ ಸಾಕೆಟ್‌ಗೆ ಹೋಗಿ, ಅಲ್ಲಿಂದ ಕಾರ್ಡ್‌ಗೆ ಹೋಗ್ಬೇಕು. 240 ನ್ಯಾನೋಸೆಕೆಂಡ್ ನೋಡ್ 0ರ ಲೆಕ್ಕ. ನಿಮಗೆ ಬೀಳೋದು ಅದಕ್ಕಿಂತ ಹೆಚ್ಚು, ಆ ಅಂಕಿ ಈ ಫೈಲ್‌ಗಳಲ್ಲಿ ಇಲ್ಲ. ಇದೂ ಪ್ಲಾಟ್‌ಫಾರ್ಮ್ ಘೋಷಿಸಿದ್ದು, ಯಾರೂ ಅಳೆದದ್ದಲ್ಲ. ನೀವೇ ಅಳೀರಿ. ಡೇಟಾಬೇಸನ್ನ ನೋಡ್ 0ಕ್ಕೆ ತನ್ನಿ, ಪದೇ ಪದೇ ಮುಟ್ಟೋ ಡೇಟಾ ಆ ಸಾಕೆಟ್‌ನ ಸ್ವಂತ ಡಿರ‍್ಯಾಮ್‌ನಲ್ಲೇ ಇರಲಿ. ಮೆಂಬೈಂಡ್ (ಇದೇ ನೋಡ್‌ನ ಮೆಮೊರಿ ಅಂತ ಕಟ್ಟಿಹಾಕೋ ಆಯ್ಕೆ) ಮಾತ್ರ ಬೇಡ. ಕಟ್ಟಿದ ನೋಡ್ ತುಂಬಿದ್ರೆ ಬೇರೆ ಕಡೆ ಜಾಗ ಇದ್ರೂ ಓಓಎಂ (ಮೆಮೊರಿ ಮುಗಿದ ಸ್ಥಿತಿ) ಬಂದು ಪ್ರೋಸೆಸ್ ಸಾಯುತ್ತೆ. ಪ್ರಿಫರ್ಡ್ (ಮೊದಲು ಇಲ್ಲಿ, ತುಂಬಿದ್ರೆ ಬೇರೆ ಕಡೆ) ಸಾಕು.

ಹೊಸಬ: ನಮ್ಮಲ್ಲೂ ನೋಡ್ 2ರ ಸಿಪಿಯು ಲಿಸ್ಟ್ ಖಾಲಿ. ಕಾರ್ಡ್ ಕೆಟ್ಟಿದ್ಯಾ?

ಕರ್ನಲ್ ಮೇಡಂ: ಇಲ್ಲ. ಮೆಮೊರಿ ಕಾರ್ಡ್‌ನಲ್ಲಿ ಸಿಪಿಯು ಇರಲ್ಲ.

ಟ್ಯೂನಿಂಗ್ ಗುರು: ಫಾರ್ವರ್ಡ್ ಬಂದಿದ್ದು: "ಐದು ನಿಮಿಷಕ್ಕೊಮ್ಮೆ ಡ್ರಾಪ್ ಕ್ಯಾಶಸ್‌ಗೆ 3 ಬರೆಯಿರಿ, ಬೂಟ್‌ನಲ್ಲಿ ನ್ಯೂಮಾ=ಆಫ್ ಹಾಕಿ. ಗ್ಯಾರಂಟಿ!"

ಕರ್ನಲ್ ಮೇಡಂ: ಯಾರೂ ಮಾಡ್ಬೇಡಿ. ಮೊದಲನೇದರಿಂದ ಡಿಸ್ಕ್‌ನಿಂದ ಓದಿ ಮೆಮೊರಿಯಲ್ಲಿಟ್ಟ ಪುಟಗಳೆಲ್ಲ ಹೋಗಿ ಡಿಸ್ಕ್ ಮತ್ತೆ ಒದ್ದಾಡುತ್ತೆ. ಎರಡನೇದು ನೋಡ್‌ಗಳ ಲೆಕ್ಕವನ್ನೇ ಆಫ್ ಮಾಡುತ್ತೆ, ಅದರಿಂದ ದೂರದ ಮೆಮೊರಿ ಹತ್ತಿರ ಬರಲ್ಲ, ಕರ್ನಲ್ ಕಣ್ಣಿಗೆ ಬಟ್ಟೆ ಕಟ್ಟಿದಂಗೆ. ಈ ಫಾರ್ವರ್ಡ್ ಇಲ್ಲಿಗೆ ಬಂದಿದ್ದು ಮೂರನೇ ಸಲ.

ಟ್ಯೂನಿಂಗ್ ಗುರು: ನನಗೆ ಕೆಲಸ ಮಾಡಿದೆ.

ಮಲೆನಾಡಿಗ: ಎಂತ ಮೆಷಿನ್ ಮಾರಾಯ್ರೆ?

ಟ್ಯೂನಿಂಗ್ ಗುರು: ಲ್ಯಾಪ್‌ಟಾಪ್.

ಮಲೆನಾಡಿಗ: ಅದ್ರಲ್ಲಿರೋದೇ ಒಂದು ನೋಡ್. ಆಫ್ ಮಾಡಿದ್ದು ಎಂತದನ್ನ?

ತೋಟದಮನೆ: ಆರ್ಮ್ ಬೋರ್ಡ್‌ನಲ್ಲಿ ಆಕ್ಸೆಸ್0 ಫೋಲ್ಡರೇ ಇಲ್ಲ, ಯಾಕೆ?

ಟ್ಯೂನಿಂಗ್ ಗುರು: ನನಗೆ ಹನ್ನೆರಡು ವರ್ಷ ಅನುಭವ ಇದೆ.

ಮಲೆನಾಡಿಗ: ಹನ್ನೆರಡು ವರ್ಷದಿಂದ ಇದೇ ಫಾರ್ವರ್ಡಾ?

ಟ್ಯೂನಿಂಗ್ ಗುರು: ಅಡ್ಮಿನ್, ಇವರ ಮಾತು ನೋಡಿ.

ಹೊಸಬ: ಮೇಡಂ, ಆ ಖಾಲಿ ಲಿಸ್ಟ್‌ಗೆ ಏನಾದ್ರೂ ಕಮ್ಯಾಂಡ್ ಇದ್ಯಾ?

ಕರ್ನಲ್ ಮೇಡಂ: ಮೇಲೆ ಓದಿ.

ತೋಟದಮನೆ: ನನ್ನ ಆರ್ಮ್ ಬೋರ್ಡು?

ರಾತ್ರಿಪಾಳಿ: ನೋಡ್ 0ಕ್ಕೆ ತಂದೆ ಮೇಡಂ. ಎರಡು ಗಂಟೆ ಹಿಡೀತಿದ್ದ ರಿಪೋರ್ಟ್ ಐವತ್ತು ನಿಮಿಷಕ್ಕೆ ಮುಗೀತು.

ಕರ್ನಲ್ ಮೇಡಂ: ಸಂತೋಷ. ಅಳೆದ ಲೇಟೆನ್ಸಿ ಎಲ್ಲಿ?