ಗ್ರಿಮ್ ಫ್ಯಾಂಡ್ಯಾಂಗೊ ಗೇಮಿನ ಕಾಡಲ್ಲಿ ಸಿಕ್ಕಾಕೊಂಡಿದೀನಿ, ವಾಕ್‌ಥ್ರೂ (ಎಲ್ಲಾ ಪಜಲ್‌ಗೂ ಉತ್ತರ ಹೇಳೋ ಗೈಡ್) ನೋಡ್ಲಾ?

ಪ್ರಶ್ನೆ: 2015ರ ರೀಮಾಸ್ಟರ್ (ಹಳೇ ಗೇಮಿನ ಸುಧಾರಿಸಿದ ರೂಪ) ಆಡ್ತಿದೀನಿ, ಸತ್ತವರ ಲೋಕದಲ್ಲಿ ಟ್ರಾವೆಲ್ ಏಜೆಂಟ್ ಆಗಿರೋ ಮ್ಯಾನಿ, ಆ ಜಾಝ್ ಮ್ಯೂಸಿಕ್ಕು, ಡೈಲಾಗು ಎಲ್ಲಾ ಸಖತ್, ಆದ್ರೆ ಒಂದು ಪಜಲ್ ಬಿಡಿಸೋಕಾಗ್ಲಿಲ್ಲ ಅಂದ್ರೆ ಕಥೆ ಅಲ್ಲೇ ನಿಂತೋಗುತ್ತೆ, ಬೇಜಾರು.

ಉತ್ತರ 1: ಪೂರ್ತಿ ನೋಡ್ಬೇಡಿ ಪ್ಲೀಸ್. ಆ ದಾರಿ ತೋರ್ಸೋ ಬೋರ್ಡ್ ಕಿತ್ತು ಬೇರೆ ಕಡೆ ನೆಟ್ಟು ನೋಡಿ.

ಉತ್ತರ 2: ಇದೇ ಪರವಾಗಿಲ್ಲ, 1999ರ ಗೇಬ್ರಿಯಲ್ ನೈಟ್ 3 ಗೇಮಲ್ಲಿ ಬೈಕ್ ಬಾಡಿಗೆಗೆ ತಗೊಳ್ಳೋಕೆ ಬೆಕ್ಕಿನ ಕೂದಲನ್ನ ಟೇಪಲ್ಲಿ ಹಿಡಿದು, ಸಿರಪ್‌ನಿಂದ ಅಂಟಿಸ್ಕೊಂಡು ಸುಳ್ಳು ಮೀಸೆ ಮಾಡ್ಕೋಬೇಕು, ಅದನ್ನ ಯಾರು ಊಹಿಸ್ತಾರೆ ಹೇಳಿ? ಮಂಕಿ ಐಲ್ಯಾಂಡ್ ಗೇಮಿನ ಕತ್ತಿವರಸೆಲಿ ಬೈಗುಳಕ್ಕೆ ಸರಿಯಾದ ತಿರುಗೇಟು ಕೊಟ್ರೆ ಗೆಲ್ತೀವಿ, ಅಲ್ಲಿ ಪಜಲ್ಲೇ ಕಥೆ, ನಂಗೆ ಬೇಕಿರೋದು ಅದು.

ಉತ್ತರ 3: ಮಂಕಿ ಐಲ್ಯಾಂಡ್‌ನ 2009ರ ಸ್ಪೆಷಲ್ ಎಡಿಷನ್‌ನಲ್ಲಿ ಹಿಂಟ್ ಕೂಡ ಇದೆ, ಸ್ವಲ್ಪ ಸ್ವಲ್ಪನೇ ಹೇಳುತ್ತೆ. ಎಲ್ಲಾ ಗೇಮಲ್ಲೂ ಹಾಗೆ ಕೊಡ್ಬೇಕಿತ್ತು.